ಘಟ್ಟದ ಮೇಲೊಂದು, ಕಡಲತಡಿಯಲ್ಲೊಂದು: ಕಡಿಮೆ ಬಜೆಟ್ಟಿನ ಎರಡು ಡೆಸ್ಕ್‌ಟಾಪ್‌ಗಳು ಮಳೆಗಾಲ ದಾಟಿದ ಬಗೆ

ಶಿರಸಿ ತಾಲ್ಲೂಕಿನ ನಮ್ಮ ಮನೆಗೊಂದು, ಕಾರವಾರದಲ್ಲಿರುವ ತಂಗಿಯ ಮನೆಗೊಂದು ಎಂದು 2025ರ ಬೇಸಿಗೆಯಲ್ಲಿ ಬಿಡಿಭಾಗಗಳನ್ನು ಆರಿಸಿ ಜೋಡಿಸಿದ ಎರಡು ಡೆಸ್ಕ್‌ಟಾಪ್‌ಗಳು ಒಂದು ಪೂರ್ತಿ ಮಳೆಗಾಲವನ್ನು ದಾಟಿರುವುದರಿಂದ, ಅವುಗಳ ಬಗ್ಗೆ ಈಗ ಧೈರ್ಯವಾಗಿ ಬರೆಯಬಹುದು ಎನಿಸಿದೆ. ಕಂಪ್ಯೂಟರ್ ಬಿಡಿಭಾಗಗಳ ವಿಮರ್ಶೆಗಳಲ್ಲಿ ಹೆಚ್ಚಿನವು ಪೆಟ್ಟಿಗೆ ಬಿಚ್ಚಿದ ವಾರದಲ್ಲೇ, ಏರಿಳಿತವಿಲ್ಲದ ವಿದ್ಯುತ್ತಿನಲ್ಲಿ, ವೇಗವೊಂದನ್ನೇ ಅಳೆದು ಬರೆದವು. ಜೂನ್ ಬಂತೆಂದರೆ ಗೋಡೆ ಬೆವರಲು ತೊಡಗುವ, ಮರ ಬಿದ್ದು ಲೈನು ತುಂಡಾದರೆ ರಾತ್ರಿಯಿಡೀ ಕರೆಂಟಿಲ್ಲದ, ಸಂಜೆ ತೋಟದ ಪಂಪುಗಳು ಒಟ್ಟಿಗೆ ಓಡತೊಡಗಿದರೆ ದೀಪ ಮಂಕಾಗುವ ಊರುಗಳಿಗೆ ಆ ಅಳತೆ ಸಾಲದು. ಇಲ್ಲಿ ಕೈಯಲ್ಲಿರುವ ಹಣ ಕಡಿಮೆಯಾದಷ್ಟೂ ಅದರ ಮೊದಲ ಪಾಲನ್ನು ಎಸ್‌ಎಂಪಿಎಸ್ (ಗೋಡೆಯ ವಿದ್ಯುತ್ತನ್ನು ಯಂತ್ರಕ್ಕೆ ಹೊಂದುವ ವೋಲ್ಟೇಜಿಗೆ ಇಳಿಸಿಕೊಡುವ ಭಾಗ), ಯುಪಿಎಸ್ (ಕರೆಂಟು ಹೋದಾಗ ಬ್ಯಾಟರಿಯಿಂದ ಯಂತ್ರ ನಡೆಸುವ ಪೆಟ್ಟಿಗೆ) ಮತ್ತು ಅರ್ಥಿಂಗ್‌ಗೆ ತೆಗೆದಿಟ್ಟು, ಉಳಿದದ್ದರಲ್ಲಿ ಪ್ರೊಸೆಸರ್ ಮೊದಲಾದವನ್ನು ಆರಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಂಗಡಿಯ ಕೊಟೇಶನ್ನುಗಳಲ್ಲಿ ಸಾಮಾನ್ಯವಾಗಿ ಇರುವುದು ಇದಕ್ಕೆ ತೀರ ಉಲ್ಟಾ ಕ್ರಮ.

ನಮ್ಮ ಮನೆಯ ಯಂತ್ರಕ್ಕೆ ಮಾನಿಟರ್ ಮತ್ತು ಯುಪಿಎಸ್ ಸೇರಿ 45 ಸಾವಿರ ರೂಪಾಯಿಯ ಮಿತಿ ಹಾಕಿಕೊಂಡಿದ್ದೆ. ತೋಟದ ಲೆಕ್ಕ, ಸೊಸೈಟಿಯ ಪತ್ರವ್ಯವಹಾರ ಮತ್ತು ಕನ್ನಡ ಟೈಪಿಂಗ್ ನನ್ನ ಕೆಲಸಗಳಾದರೆ, ಎಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗ ರಜೆಯಲ್ಲಿ ಬಂದಾಗ ಅದರಲ್ಲಿ ಪ್ರೋಗ್ರಾಂ ಬರೆಯುತ್ತಾನೆ, ಒಂದಿಷ್ಟು ವಿಡಿಯೊ ಎಡಿಟಿಂಗ್ ಮಾಡುತ್ತಾನೆ, ಆಟವನ್ನೂ ಆಡುತ್ತಾನೆ. ತಂಗಿಯದು ಇದಕ್ಕಿಂತ ಹಗುರವಾದ ಬಳಕೆ: ಮಕ್ಕಳಿಗೆ ಆನ್‌ಲೈನ್ ಪಾಠ ಮತ್ತು ಭಾವನ ವ್ಯಾಪಾರದ ಜಿಎಸ್‌ಟಿ ಲೆಕ್ಕ. ಆದ್ದರಿಂದ ಅವಳ ಯಂತ್ರದ ಮಿತಿಯೂ ಕೆಳಗಿತ್ತು. ನಮ್ಮ ಯಂತ್ರದ ಒಟ್ಟು ಖರ್ಚಿನಲ್ಲಿ ಸುಮಾರು ಆರನೇ ಒಂದು ಪಾಲು ಎಸ್‌ಎಂಪಿಎಸ್ ಮತ್ತು ಯುಪಿಎಸ್‌ಗೇ ಹೋಯಿತು. ಅಷ್ಟು ಹಣವನ್ನು ಅತ್ತ ಹಾಕುವ ಬದಲು ಇನ್ನೊಂದು ಮೆಟ್ಟಿಲು ಮೇಲಿನ ಪ್ರೊಸೆಸರ್ ತೆಗೆದುಕೊಳ್ಳಬಹುದಿತ್ತಲ್ಲ ಎಂದು ಹಲವರು ಕೇಳಿದ್ದಾರೆ. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ವಿವರವಾಗಿ ಬರೆಯುತ್ತೇನೆ.

ನಮ್ಮೂರಿನಲ್ಲೇ ಒಬ್ಬರ ಮನೆಯ ಕಂಪ್ಯೂಟರ್ ಮಳೆಗಾಲಕ್ಕೆ ಮುಂಚಿನ ಗುಡುಗಿನ ದಿನಗಳಲ್ಲಿ ಕೆಟ್ಟಾಗ ಅದನ್ನು ಬಿಚ್ಚಿ ನೋಡುವ ಸಂದರ್ಭ ಬಂದಿತ್ತು. ಕ್ಯಾಬಿನೆಟ್ಟಿನ ಜೊತೆಗೇ ಬಂದ ಎಸ್‌ಎಂಪಿಎಸ್ ಅದು. ಮೇಲ್ಬದಿಯ ಸ್ಟಿಕ್ಕರಿನಲ್ಲಿ ದಪ್ಪ ಅಕ್ಷರಗಳಲ್ಲಿ 450 ವ್ಯಾಟ್ ಎಂದಿತ್ತು. ಅದೇ ಸ್ಟಿಕ್ಕರಿನ ಕೆಳಗಿನ ಪಟ್ಟಿಯಲ್ಲಿ ಸಣ್ಣಕ್ಷರದಲ್ಲಿ 12 ವೋಲ್ಟಿನ ಸಾಲಿನ ಮುಂದೆ 16 ಆಂಪಿಯರ್ ಎಂದು ಅಚ್ಚಾಗಿತ್ತು. ಈ ಕಾಲದ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಮತ್ತು ಫ್ಯಾನುಗಳೆಲ್ಲ ವಿದ್ಯುತ್ ಎಳೆಯುವುದು ಹೆಚ್ಚಾಗಿ ಆ 12 ವೋಲ್ಟಿನ ಸಾಲಿನಿಂದಲೇ. ಹನ್ನೆರಡನ್ನು ಹದಿನಾರರಿಂದ ಗುಣಿಸಿದರೆ ಸಿಗುವುದು 192 ವ್ಯಾಟ್. ಅಂದರೆ ದಪ್ಪ ಅಕ್ಷರದ ಅರ್ಧದಷ್ಟೂ ಇಲ್ಲ. ಅದಕ್ಕಿಂತ ಚಿಂತೆಯ ವಿಷಯವೆಂದರೆ, ಇಂಥ ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ ವೋಲ್ಟೇಜ್ ಮಿತಿಮೀರಿದಾಗ ತಾನೇ ನಿಂತುಕೊಳ್ಳುವ ರಕ್ಷಣೆ ಇರುವುದೇ ಖಚಿತವಿಲ್ಲದ್ದರಿಂದ, ಅವು ಸಾಯುವಾಗ ಮದರ್‌ಬೋರ್ಡನ್ನೂ ಡಿಸ್ಕನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತವೆ. ಆ ಮನೆಯಲ್ಲಿ ಆದದ್ದೂ ಅದೇ. ವರ್ಷಗಟ್ಟಲೆಯ ಫೋಟೊಗಳು ಇದ್ದ ಡಿಸ್ಕ್ ಮತ್ತೆ ತೆರೆಯಲಿಲ್ಲ.

ಆದ್ದರಿಂದ ನಮ್ಮ ಯಂತ್ರಕ್ಕೆ ಕೋರ್ಸೇರ್ ಸಿಎಕ್ಸ್550 ಆರಿಸಿದೆ. ಇದಕ್ಕೆ 80 ಪ್ಲಸ್ ಬ್ರಾಂಜ್ ದರ್ಜೆಯಿದೆ, ಐದು ವರ್ಷದ ವಾರಂಟಿಯಿದೆ. 80 ಪ್ಲಸ್ ಎಂಬ ಗುರುತು 2004ರಿಂದ ಬಳಕೆಗೆ ಬಂದದ್ದು. ಬ್ರಾಂಜ್ ಎಂದರೆ ಅರ್ಧ ಹೊರೆಯಲ್ಲಿ ನೂರಕ್ಕೆ 85ರಷ್ಟಾದರೂ ದಕ್ಷತೆ ಇರಬೇಕು. ಆ ಗುರುತು ಹೇಳುವುದು ದಕ್ಷತೆಯನ್ನು ಮಾತ್ರ, ಸುರಕ್ಷತೆಯನ್ನಲ್ಲ ಎಂಬುದು ಬಹಳ ಮಂದಿಗೆ ತಿಳಿದಿರುವುದಿಲ್ಲ. ಹಾಗಾಗಿ ಬ್ರಾಂಜ್ ಎಂದು ಕಂಡ ತಕ್ಷಣ ಸಮಾಧಾನಪಡದೆ ಅತಿವೋಲ್ಟೇಜ್, ಅತಿಹೊರೆ ಮತ್ತು ಶಾರ್ಟ್ ಸರ್ಕ್ಯೂಟ್ ರಕ್ಷಣೆಗಳು ಪೆಟ್ಟಿಗೆಯ ಮೇಲೆ ನಮೂದಾಗಿವೆಯೇ ಎಂದು ಓದಿಕೊಳ್ಳಬೇಕು. ಇನ್ಪುಟ್ ವೋಲ್ಟೇಜನ್ನೂ ಓದಬೇಕು: ಕೆಲವು ಮಾದರಿಗಳು 200ರಿಂದ 240 ವೋಲ್ಟಿಗಷ್ಟೇ ಒಗ್ಗುತ್ತವೆ, ಕೆಲವು 100ರಿಂದ 240ರವರೆಗೆ ಯಾವ ವೋಲ್ಟೇಜಿನಲ್ಲಾದರೂ ನಡೆಯುತ್ತವೆ. ಲೈನಿನ ಕೊನೆಯಲ್ಲಿರುವ ಮನೆಗಳಲ್ಲಿ ಎರಡನೆಯದೇ ಬೇಕು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಮ್ಮಂಥ ಯಂತ್ರ ಪೂರ್ಣ ಹೊರೆಯಲ್ಲೂ 150 ವ್ಯಾಟ್ ದಾಟುವುದು ಅಪರೂಪವಾದ್ದರಿಂದ ತಂಗಿಗೆ 450 ವ್ಯಾಟಿನ ಬ್ರಾಂಜ್ ಸಾಕಾಯಿತು. ನಮ್ಮದಕ್ಕೆ 550 ಬೇಕೆಂದದ್ದು ಮುಂದೆ ಕಾರ್ಡ್ ಹಾಕುವ ಯೋಚನೆಯಿಂದ.

ಯುಪಿಎಸ್ ವಿಷಯದಲ್ಲಿ ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ, ಬೇರೆ ಯಾಕೆ ಎಂಬ ಪ್ರಶ್ನೆ ನಮ್ಮ ಕಡೆ ಸಹಜ, ಏಕೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಮನೆಗಳಲ್ಲಿ ಇನ್ವರ್ಟರ್ ಇಲ್ಲದ ಮನೆ ಕಡಿಮೆ. ಕರೆಂಟು ಹೋದ ಕ್ಷಣದಿಂದ ಎಸ್‌ಎಂಪಿಎಸ್ ತನ್ನ ಕೆಪಾಸಿಟರಿನಲ್ಲಿ ಉಳಿದ ಶಕ್ತಿಯಿಂದ ಸುಮಾರು 16 ಮಿಲಿಸೆಕೆಂಡು ಮಾತ್ರ ಯಂತ್ರವನ್ನು ಹಿಡಿದಿಡಬಲ್ಲದು. ಇನ್ವರ್ಟರ್ ಸಾಮಾನ್ಯ ಮೋಡಿನಲ್ಲಿದ್ದರೆ ಅದು ಬ್ಯಾಟರಿಗೆ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದರಿಂದ ದೀಪ, ಫ್ಯಾನು ಏನೂ ಆಗದಂತೆ ನಡೆದರೂ ಕಂಪ್ಯೂಟರ್ ಮಾತ್ರ ರಿಸ್ಟಾರ್ಟ್ ಆಗುತ್ತದೆ. ಇನ್ವರ್ಟರಿನ ಹಿಂಬದಿಯಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದ್ದರೆ ಅದನ್ನು ಹಾಕಿದಾಗ ಬದಲಾವಣೆ ವೇಗವಾಗಿ ಆಗುತ್ತದೆ, ನಿಜ. ಆದರೆ ಆ ಮೋಡಿನಲ್ಲಿ ಅದು ಒಪ್ಪುವ ಲೈನ್ ವೋಲ್ಟೇಜ್ ಸಾಮಾನ್ಯವಾಗಿ 180ರಿಂದ 260ರ ಆಸುಪಾಸಿನಲ್ಲಿರುತ್ತದೆ. ಸಂಜೆ ವೋಲ್ಟೇಜ್ 180ಕ್ಕಿಂತ ಕೆಳಗಿಳಿಯುವ ಮನೆಯಲ್ಲಿ ಕರೆಂಟು ಇದ್ದರೂ ಇನ್ವರ್ಟರ್ ಪದೇ ಪದೇ ಬ್ಯಾಟರಿಗೆ ಹಾರುತ್ತದೆ, ಬ್ಯಾಟರಿಯ ಆಯಸ್ಸು ಕರಗುತ್ತದೆ. ಹಾಗಾಗಿ ಇನ್ವರ್ಟರನ್ನು ಸಾಮಾನ್ಯ ಮೋಡಿನಲ್ಲೇ ಬಿಟ್ಟು, ಕಂಪ್ಯೂಟರಿಗೆ ಮಾತ್ರ 600 ವಿಎ, ಅಂದರೆ 360 ವ್ಯಾಟಿನ ಎಪಿಸಿ ಯುಪಿಎಸ್ ಜೋಡಿಸಿದೆ. ಕರೆಂಟು ಹೋಗಿ ಇನ್ವರ್ಟರ್ ಕೈಹಿಡಿಯುವ ಆ ಅರೆಕ್ಷಣವನ್ನು ಅದು ಮುಚ್ಚುತ್ತದೆ. ಇನ್ವರ್ಟರೂ ಬರಿದಾದರೆ ಬರೆದದ್ದನ್ನು ಉಳಿಸಿ ಬಂದ್ ಮಾಡುವಷ್ಟು ಸಮಯ ಕೊಡುತ್ತದೆ. ಒಂದು ಎಚ್ಚರಿಕೆಯೆಂದರೆ ಲೇಸರ್ ಪ್ರಿಂಟರನ್ನು ಇಂಥ ಯುಪಿಎಸ್‌ಗೆ ಎಂದೂ ಜೋಡಿಸಬಾರದು, ಏಕೆಂದರೆ ಕಾಗದಕ್ಕೆ ಶಾಖ ಕೊಡುವ ಹೊತ್ತಿಗೆ ಅದು ಎಳೆಯುವ ವಿದ್ಯುತ್ತನ್ನು ಇದು ತಾಳದು.

ಅರ್ಥಿಂಗ್ ವಿಷಯವನ್ನು ಯಾವ ಕೊಟೇಶನ್ನಿನಲ್ಲಿಯೂ ಬರೆಯುವುದಿಲ್ಲ, ಆದರೆ ಹಳೆಯ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಅದನ್ನೇ. ಕ್ಯಾಬಿನೆಟ್ಟಿನ ಬಣ್ಣ ಹೋದ ಜಾಗವನ್ನು ಬರಿಗಾಲಿನಲ್ಲಿ ನಿಂತು ಮುಟ್ಟಿದಾಗ ಜುಂ ಎನ್ನುವ ಅನುಭವ ನಮ್ಮ ಕಡೆಯ ಅನೇಕರಿಗೆ ಇದೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಲೋಹದ ಮೈಗೆ ಸಣ್ಣ ಕೆಪಾಸಿಟರುಗಳನ್ನು ಕಟ್ಟಿರುತ್ತಾರೆ; ಅರ್ಥ್ ತಂತಿ ಇಲ್ಲವಾದರೆ ಲೋಹದ ಮೈ ಲೈನ್ ವೋಲ್ಟೇಜಿನ ಅರ್ಧದಷ್ಟಕ್ಕೆ ಏರಿ ನಿಲ್ಲುತ್ತದೆ. ಕರೆಂಟು ಅತ್ಯಲ್ಪವಾದ್ದರಿಂದ ಮನುಷ್ಯರಿಗೆ ಅಪಾಯ ಕಡಿಮೆ, ಆದರೆ ಆ ಸ್ಥಿತಿಯಲ್ಲಿ ಪ್ರಿಂಟರಿನದೋ ಮಾನಿಟರಿನದೋ ಕೇಬಲ್ ಚುಚ್ಚಿದಾಗ ಪೋರ್ಟುಗಳು ಸುಡಬಹುದು. ಸರ್ಜ್ ಪ್ರೊಟೆಕ್ಟರಿಗೂ ಹೆಚ್ಚುವರಿ ವೋಲ್ಟೇಜನ್ನು ಹರಿಸಲು ಅರ್ಥ್ ಬೇಕೇ ಬೇಕು. ಚಿರೆಕಲ್ಲಿನ ನೆಲದಲ್ಲಿ ಬೇಸಿಗೆಗೆ ಅರ್ಥ್ ಗುಂಡಿ ಒಣಗಿ ನಿಷ್ಪ್ರಯೋಜಕವಾಗುವುದರಿಂದ, ಕಂಪ್ಯೂಟರ್ ತರುವ ಮೊದಲೇ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅದನ್ನು ಪರೀಕ್ಷಿಸಿದೆ ಮತ್ತು ಗುಂಡಿಗೆ ನೀರು ಬೀಳುವ ವ್ಯವಸ್ಥೆ ಮಾಡಿದೆ. ಇಷ್ಟಾದರೂ ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಗುಡುಗಿಗೆ ಪ್ಲಗ್ ಕಿತ್ತಿಡುವುದಕ್ಕಿಂತ ದೊಡ್ಡ ರಕ್ಷಣೆ ಇಲ್ಲ. ಆಗ ಇಂಟರ್ನೆಟ್ಟಿನ ಲ್ಯಾನ್ ಕೇಬಲನ್ನೂ ಕೀಳಬೇಕು. ಫೈಬರಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು ಎಂಬುದು ಸರಿಯೇ, ಆದರೆ ಮೋಡೆಮ್ಮಿನ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲಿದ್ದರೆ ಅಲ್ಲಿಂದ ಲ್ಯಾನ್ ಕೇಬಲಿನ ತಾಮ್ರದ ಮೂಲಕ ಹೊಡೆತ ಮದರ್‌ಬೋರ್ಡಿಗೆ ಬರಲು ದಾರಿ ಇದ್ದೇ ಇರುತ್ತದೆ.

ಇನ್ನು ಪ್ರೊಸೆಸರ್. ಇಲ್ಲಿ ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು ಕಡಿಮೆ ಬೆಲೆಗೆ ಮಾರಾಟವಾಗುವ "ಕೋರ್ ಐ5, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ" ಎಂಬ ಸಿದ್ಧ ಪೆಟ್ಟಿಗೆಗಳ ಬಗ್ಗೆ. ಐ5 ಎಂಬುದು ಒಂದು ಪ್ರೊಸೆಸರಿನ ಹೆಸರಲ್ಲ, ಹದಿನೈದಕ್ಕೂ ಹೆಚ್ಚು ವರ್ಷಗಳಿಂದ ಬರುತ್ತಿರುವ ಒಂದು ವರ್ಗದ ಹೆಸರು. ಅದರ ಮುಂದಿನ ಅಂಕಿಗಳೇ ನಿಜವಾದ ಗುರುತು. ಇಂಥ ಪೆಟ್ಟಿಗೆಗಳಲ್ಲಿ ಬಹಳಷ್ಟು ಸಲ ಇರುವುದು 2012ರಲ್ಲಿ ಬಂದ ಮೂರನೇ ಪೀಳಿಗೆಯ ಐ5-3470ರಂಥ ಬಳಸಿ ತೆಗೆದ ಪ್ರೊಸೆಸರ್, ಅದರ ಕೆಳಗೆ ಹೊಸದಾಗಿ ತಯಾರಿಸಿದ ಎಚ್61 ಬೋರ್ಡ್, ಡಿಡಿಆರ್3 ರ‍್ಯಾಮ್. ಹೊಸ ಕ್ಯಾಬಿನೆಟ್ಟಿನೊಳಗೆ ಕೂತಿರುವುದರಿಂದ ಹೊಸತಿನಂತೆಯೇ ಕಾಣುತ್ತದೆ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ ಎಂಟನೇ ಪೀಳಿಗೆಯಿಂದ ಈಚಿನವನ್ನು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಕೂಡ ಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಷ್ಟಪಟ್ಟು ಕೂಡಿಸಿದ ಹಣವನ್ನು ಮಕ್ಕಳ ಓದಿಗೆಂದು ಇಂಥದ್ದಕ್ಕೆ ಸುರಿದ ಮನೆಗಳನ್ನು ನೋಡಿದ್ದೇನೆ, ಅದಕ್ಕಾಗಿ ಈ ಮಾತನ್ನು ಒತ್ತಿ ಬರೆಯುತ್ತಿದ್ದೇನೆ: ಬಿಲ್ಲಿನಲ್ಲಿ ಪ್ರೊಸೆಸರಿನ ಪೂರ್ಣ ಸಂಖ್ಯೆ ಬರೆದುಕೊಡಲು ಒಪ್ಪದ ಕಡೆ ಕೊಳ್ಳಬೇಡಿ.

ತಂಗಿಗೆ ಕೊಂಡದ್ದು 2022ರ ಜನವರಿಯಲ್ಲಿ ಬಿಡುಗಡೆಯಾದ ಐ3-12100. ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಎಂಟು ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆ), ಯುಎಚ್‌ಡಿ 730 ಗ್ರಾಫಿಕ್ಸ್ ಇರುವ ಇದು ಹೆಸರಿನಲ್ಲಿ ಐ3 ಆದರೂ ಆ ಹಳೆಯ ಐ5ಗಳನ್ನು ಎಲ್ಲ ಕೆಲಸಗಳಲ್ಲೂ ಬಹಳ ಹಿಂದೆ ಬಿಡುತ್ತದೆ. ಇಪ್ಪತ್ತು ಟ್ಯಾಬ್ ತೆರೆದಿಟ್ಟು, ಪಾಠದ ವಿಡಿಯೊ ಕರೆ ನಡೆಯುತ್ತಿರುವಾಗಲೇ ದೊಡ್ಡ ಎಕ್ಸೆಲ್ ಹಾಳೆಯನ್ನು ತೆರೆದರೂ ತಡವರಿಸಿದ್ದು ಕಂಡಿಲ್ಲ. ಇದೇ ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಅಕ್ಷರವಿರುವ 12100ಎಫ್ ಕಡಿಮೆ ಬೆಲೆಗೆ ಸಿಗುತ್ತದೆ. ಅದರಲ್ಲಿ ಗ್ರಾಫಿಕ್ಸ್ ಇಲ್ಲವೇ ಇಲ್ಲ, ಬೇರೆ ಕಾರ್ಡ್ ಹಾಕದಿದ್ದರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ ಎಂಬುದನ್ನು ಮರೆಯಬಾರದು. ನಮ್ಮ ಮನೆಗೆ ಆರಿಸಿದ್ದು 2021ರ ರೈಜನ್ 5 5600ಜಿ. ಆರು ಕೋರ್, ಹನ್ನೆರಡು ಥ್ರೆಡ್, 65 ವ್ಯಾಟ್. ಅದರೊಳಗಿನ ವೇಗಾ ಗ್ರಾಫಿಕ್ಸ್ ಯುಎಚ್‌ಡಿ 730ಕ್ಕಿಂತ ಬಲವಾದದ್ದು. ಹಗುರವಾದ ಆಟಗಳಿಗೆ ಬೇರೆ ಕಾರ್ಡ್ ಇಲ್ಲದೆಯೇ ಸಾಕಾಗುತ್ತದೆ. ಪ್ರೋಗ್ರಾಂ ಕಂಪೈಲ್ ಮಾಡುವಾಗ, ವಿಡಿಯೊವನ್ನು ಬೇರೆ ರೂಪಕ್ಕೆ ಇಳಿಸುವಾಗ ಹೆಚ್ಚುವರಿ ಎರಡು ಕೋರ್‌ಗಳ ಬಲ ಸ್ಪಷ್ಟವಾಗಿ ಕಾಣುತ್ತದೆ. ಪೆಟ್ಟಿಗೆಯಲ್ಲಿ ಬರುವ ಫ್ಯಾನೇ ಶಿರಸಿಯ ಹವೆಗೆ ಸಾಕು.

ಈ ಪ್ರೊಸೆಸರಿನ ಒಂದು ದೌರ್ಬಲ್ಯವನ್ನೂ ಹೇಳಬೇಕು. ಬೋರ್ಡಿನಲ್ಲಿ ಇದು ಕೂರುವ ಎಎಂ4 ಎಂಬ ಸಾಕೆಟ್ಟಿನ ಕಾಲ ಮುಗಿಯುತ್ತ ಬಂದಿದೆ. 2022ರಲ್ಲಿ ಬಂದ ಎಎಂ5 ಸಾಕೆಟ್ಟಿನಲ್ಲಿ ಮುಂದಿನ ವರ್ಷಗಳ ಪ್ರೊಸೆಸರುಗಳನ್ನು ಅದೇ ಬೋರ್ಡಿನಲ್ಲಿ ಹಾಕಿಕೊಳ್ಳುವ ಅವಕಾಶವಿದೆ. ಬಜೆಟ್ ತುಸು ಸಡಿಲವಿರುವವರು ಎಎಂ5 ಕಡೆ ನೋಡುವುದು ಸರಿ. ಆದರೆ ಅದಕ್ಕೆ ಡಿಡಿಆರ್5 ರ‍್ಯಾಮ್ ಕಡ್ಡಾಯ, ಬೋರ್ಡೂ ದುಬಾರಿ. ಕಂಪ್ಯೂಟರನ್ನು ಒಮ್ಮೆ ಕೊಂಡರೆ ಏಳೆಂಟು ವರ್ಷ ಮುಟ್ಟದ ನಮ್ಮಂಥ ಮನೆಗಳಲ್ಲಿ ಅಷ್ಟು ಹೊತ್ತಿಗೆ ಬೋರ್ಡನ್ನೂ ಸೇರಿಸಿಯೇ ಬದಲಾಯಿಸುವುದು ರೂಢಿಯಾದ್ದರಿಂದ, ಆ ಅವಕಾಶಕ್ಕೆ ಇಂದೇ ಬೆಲೆ ತೆರುವುದು ನನಗೆ ಅಗತ್ಯವೆನಿಸಲಿಲ್ಲ.

ರ‍್ಯಾಮ್ ವಿಷಯದಲ್ಲಿ ಹಣ ಹೆಚ್ಚು ಕೊಡದೆಯೇ ದೊಡ್ಡ ಲಾಭ ಪಡೆಯುವ ಒಂದು ದಾರಿ ಇದೆ. 5600ಜಿಯಂಥ ಪ್ರೊಸೆಸರಿನ ಗ್ರಾಫಿಕ್ಸ್‌ಗೆ ತನ್ನದೇ ಆದ ಮೆಮೊರಿ ಇಲ್ಲ, ಅದು ಮುಖ್ಯ ರ‍್ಯಾಮಿನಿಂದಲೇ ಪಾಲು ಪಡೆಯುತ್ತದೆ. 16 ಜಿಬಿಯ ಒಂದೇ ಪಟ್ಟಿ ಹಾಕಿದರೆ ಡಿಡಿಆರ್4 3200ರಲ್ಲಿ ಸೆಕೆಂಡಿಗೆ 25.6 ಜಿಬಿ ದತ್ತಾಂಶ ಹರಿಯಬಲ್ಲದು. 8 ಜಿಬಿಯ ಎರಡು ಪಟ್ಟಿ ಹಾಕಿದರೆ ಎರಡು ಚಾನೆಲ್ಲುಗಳು ಸೇರಿ 51.2 ಜಿಬಿ ಆಗುತ್ತದೆ. ಒಟ್ಟು ರ‍್ಯಾಮ್ ಅಷ್ಟೇ, ಬೆಲೆಯಲ್ಲಿ ಹೆಚ್ಚು ಅಂತರವಿಲ್ಲ, ಆದರೆ ಆಟಗಳಲ್ಲಿ ಕಾಣುವ ವ್ಯತ್ಯಾಸ ದೊಡ್ಡದು. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಪಟ್ಟಿಗಳನ್ನು ಪ್ರೊಸೆಸರಿನಿಂದ ಎಣಿಸಿದಾಗ ಬರುವ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಕೂರಿಸಬೇಕು. ಮೊದಲಿನೆರಡರಲ್ಲೋ ಕೊನೆಯೆರಡರಲ್ಲೋ ಕೂರಿಸಿದರೆ ಎರಡೂ ಒಂದೇ ಚಾನೆಲ್ಲಿಗೆ ಸೇರಿ ಈ ಲಾಭ ತಪ್ಪುತ್ತದೆ. ಬೋರ್ಡಿನ ಮೂಲ ಸೆಟ್ಟಿಂಗುಗಳಿರುವ ಬಯೋಸ್‌ನಲ್ಲಿ, ಪಟ್ಟಿಯನ್ನು ಅದರ ಪೂರ್ಣ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆಯ್ಕೆಯನ್ನು ಹಾಕದಿದ್ದರೆ 3200ರ ಅನೇಕ ಪಟ್ಟಿಗಳು 2666ರಲ್ಲೋ 2400ರಲ್ಲೋ ಓಡುತ್ತಿರುತ್ತವೆ, ಅದನ್ನೂ ನೋಡಿಕೊಳ್ಳಬೇಕು.

ನಾವು ಕೊಂಡ ಮೇಲೆ, 2025ರ ಕೊನೆಯ ತಿಂಗಳುಗಳಲ್ಲಿ, ರ‍್ಯಾಮ್ ಬೆಲೆ ಎರಡು ಪಟ್ಟಿಗೂ ಹೆಚ್ಚು ಏರಿತು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಗೆ ತಯಾರಕರು ತಮ್ಮ ಕಾರ್ಖಾನೆಗಳನ್ನು ತಿರುಗಿಸಿಕೊಂಡಿರುವುದು ಮತ್ತು ಹಳೆಯ ಡಿಡಿಆರ್4ರ ಉತ್ಪಾದನೆಯನ್ನು ಕಡಿಮೆ ಮಾಡುತ್ತಿರುವುದು ಇದಕ್ಕೆ ಕಾರಣ. ಹೀಗಾಗಿ ನಮ್ಮ 45 ಸಾವಿರದ ಲೆಕ್ಕ ಈಗ ಕೊಳ್ಳುವವರಿಗೆ ಹಾಗೆಯೇ ಹೊಂದುವುದಿಲ್ಲ. ಲೆಕ್ಕ, ಟೈಪಿಂಗ್, ಪಾಠ ಇಷ್ಟೇ ಬಳಕೆಯಾದರೆ ಐ3ಯ ಜೊತೆ ಸದ್ಯಕ್ಕೆ 8 ಜಿಬಿಯ ಒಂದೇ ಪಟ್ಟಿ ಹಾಕಿ, ಇನ್ನೊಂದು ಸ್ಲಾಟನ್ನು ಖಾಲಿ ಬಿಟ್ಟು ಬೆಲೆ ಇಳಿಯುವುದನ್ನು ಕಾಯಬಹುದು. ರ‍್ಯಾಮ್ ಬೆಲೆ ಏರಿತೆಂದು ಎಸ್‌ಎಂಪಿಎಸ್‌ನಲ್ಲಿ ಉಳಿತಾಯ ಮಾಡುವ ಯೋಚನೆಯನ್ನು ಮಾತ್ರ ಮಾಡಬಾರದು. ರ‍್ಯಾಮನ್ನು ನಾಳೆ ಸೇರಿಸಬಹುದು, ಸುಟ್ಟ ಬೋರ್ಡನ್ನು ಸರಿಮಾಡಲು ಬಾರದು.

ಎಸ್‌ಎಸ್‌ಡಿ ಬಗ್ಗೆ ಹೆಚ್ಚು ಬರೆಯಬೇಕಾದ್ದಿಲ್ಲ. 500 ಜಿಬಿಯ ಡಬ್ಲ್ಯೂಡಿ ಬ್ಲೂ ಎಸ್‌ಎನ್580 ಎರಡೂ ಯಂತ್ರಗಳಲ್ಲಿದೆ. ಪ್ರತಿ ಕೋಶದಲ್ಲಿ ಮೂರು ಬಿಟ್ ಇಡುವ ಟಿಎಲ್‌ಸಿ ಮೆಮೊರಿ, ಐದು ವರ್ಷದ ವಾರಂಟಿ. ಇದು ನಾಲ್ಕನೇ ಪೀಳಿಗೆಯ ಪಿಸಿಐಇ (ಬೋರ್ಡಿನಲ್ಲಿ ದತ್ತಾಂಶ ಸಾಗುವ ದಾರಿ) ವೇಗದ್ದಾದರೂ 5600ಜಿ ಪ್ರೊಸೆಸರಾಗಲಿ ತಂಗಿಯ ಎಚ್610 ಬೋರ್ಡಿನಲ್ಲಿ ಈ ಡಿಸ್ಕ್ ಕೂರುವ ಎಂ.2 ಸ್ಲಾಟಾಗಲಿ ಮೂರನೇ ಪೀಳಿಗೆಯ ವೇಗವನ್ನಷ್ಟೇ ಕೊಡುವುದರಿಂದ, ಇದಕ್ಕಿಂತ ವೇಗದ್ದನ್ನು ಕೊಂಡರೆ ಹಣ ವ್ಯರ್ಥ. ಕೋಶಕ್ಕೆ ನಾಲ್ಕು ಬಿಟ್ ತುಂಬುವ ಕ್ಯೂಎಲ್‌ಸಿ ಮೆಮೊರಿಯ ಅಗ್ಗದ ಡಿಸ್ಕುಗಳು ಓದುವಾಗ ವೇಗವಾಗಿಯೇ ಇರುತ್ತವೆ, ದೊಡ್ಡ ಫೈಲುಗಳನ್ನು ಒಟ್ಟಿಗೆ ತುಂಬಿಸುವಾಗ ತೀರ ನಿಧಾನವಾಗುತ್ತವೆ.

ಮದರ್‌ಬೋರ್ಡನ್ನು ಎಲ್ಲಿ ಕೊಳ್ಳಬೇಕು ಎಂಬುದು ಯಾವುದನ್ನು ಕೊಳ್ಳಬೇಕು ಎಂಬುದರಷ್ಟೇ ಮುಖ್ಯ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಹುಬ್ಬಳ್ಳಿಯಲ್ಲಿ, ಆನ್‌ಲೈನಿನಲ್ಲಿ ಶಿರಸಿಗಿಂತ ಕಡಿಮೆ ಬೆಲೆ ಇರುತ್ತದೆ ಎಂಬುದು ನಿಜ. ಆದರೆ ಬೋರ್ಡ್ ಕೆಟ್ಟಾಗ ಅದನ್ನು ಸರ್ವೀಸ್ ಸೆಂಟರಿಗೆ ಕಳಿಸಿ, ಬೆನ್ನುಹತ್ತಿ ತರಿಸಿಕೊಡುವವರು ಹತ್ತಿರ ಇರಬೇಕು. ಆದ್ದರಿಂದ ಬೋರ್ಡ್, ಪ್ರೊಸೆಸರ್, ಎಸ್‌ಎಂಪಿಎಸ್ ಮತ್ತು ಮಾನಿಟರನ್ನು ಶಿರಸಿ ಪೇಟೆಯ ಅಂಗಡಿಯೊಂದರಲ್ಲಿ ಕೊಂಡು, ಕೆಟ್ಟರೆ ಕೊರಿಯರಿನಲ್ಲಿ ಸುಲಭವಾಗಿ ಕಳಿಸಬಹುದಾದ ರ‍್ಯಾಮ್, ಎಸ್‌ಎಸ್‌ಡಿಗಳನ್ನಷ್ಟೇ ಆನ್‌ಲೈನಿನಲ್ಲಿ ತರಿಸಿದೆ. ಆ ಅಂಗಡಿಯವರ ಕೆಲಸದ ಬಗ್ಗೆ ಒಳ್ಳೆಯ ಮಾತು ಬರೆಯಲು ಸಂತೋಷವಾಗುತ್ತದೆ. ತಂಗಿಯ ಬೋರ್ಡನ್ನು ಕೈಗೆ ಕೊಡುವಾಗ ಅವರು, "ಪೆಟ್ಟಿಗೆ ಇಲ್ಲೇ ತೆಗೆಯೋಣ ಹೆಗಡೇರೆ, ಮನೆಗೆ ಹೋದ ಮೇಲೆ ಪಿನ್ನು ಬಗ್ಗಿದ್ದು ಕಂಡರೆ ನಿಮಗೂ ಕಷ್ಟ, ನಮಗೂ ಕಷ್ಟ," ಎಂದು ಹೇಳಿ ಸಾಕೆಟ್ಟಿನ ಕಪ್ಪು ಮುಚ್ಚಳ ತೆಗೆದು, ಟಾರ್ಚನ್ನು ಓರೆಯಾಗಿ ಹಿಡಿದು ತೋರಿಸಿದರು. ಇಂಟೆಲ್‌ನ ಎಲ್‌ಜಿಎ1700 ಸಾಕೆಟ್ಟಿನಲ್ಲಿ ಪಿನ್ನುಗಳು ಬೋರ್ಡಿನ ಮೇಲಿರುತ್ತವೆ. ಓರೆ ಬೆಳಕಿನಲ್ಲಿ ಅವೆಲ್ಲ ಒಂದೇ ಸಾಲಿನಲ್ಲಿ ಮಿಂಚಬೇಕು, ಒಂದು ಬಗ್ಗಿದ್ದರೂ ಆ ಜಾಗದಲ್ಲಿ ಸಾಲು ಮುರಿದದ್ದು ಕಾಣುತ್ತದೆ, ಮತ್ತು ಬಗ್ಗಿದ ಪಿನ್ನಿಗೆ ವಾರಂಟಿ ಸಿಗುವುದಿಲ್ಲ. ಎಎಂ4ರಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನ ಅಡಿಯಲ್ಲಿ. ಅದನ್ನೂ ಹಾಗೆಯೇ ನೋಡಿಕೊಂಡೆವು. ಪ್ರತಿ ಭಾಗದ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ಲನ್ನು ಕೇಳುವ ಮೊದಲೇ ಕೊಟ್ಟರು. ಶೇಕಡಾ 18ರ ತೆರಿಗೆ ಉಳಿಸಲು ಬಿಲ್ಲಿಲ್ಲದೆ ಕೊಳ್ಳುವವರು ವಾರಂಟಿಯನ್ನೂ ಅಲ್ಲಿಯೇ ಬಿಟ್ಟುಬಂದಂತೆ.

ಬೋರ್ಡಿನ ಆಯ್ಕೆಯಲ್ಲಿ ಐ3ಗೆ ಎಚ್610 ಸಾಕು. ಅದರಲ್ಲಿ ರ‍್ಯಾಮಿಗೆ ಎರಡೇ ಸ್ಲಾಟು, ಡಿಡಿಆರ್4 ಮತ್ತು ಡಿಡಿಆರ್5ರ ಬೇರೆ ಬೇರೆ ಮಾದರಿಗಳು ಇರುವುದರಿಂದ ಕೊಳ್ಳುವಾಗ ಯಾವುದೆಂದು ನೋಡಿಕೊಳ್ಳಬೇಕು. 5600ಜಿಗೆ ನಾಲ್ಕು ಸ್ಲಾಟಿನ ಬಿ550ಎಂ ಆರಿಸಿದೆ. ಹಳೆಯ ಬಿ450 ಬೋರ್ಡ್ ಅಗ್ಗಕ್ಕೆ ಸಿಕ್ಕರೆ ಅದರ ಬಯೋಸ್ ಹೊಸತೇ ಎಂದು ಅಂಗಡಿಯಲ್ಲೇ ಕೇಳಬೇಕು, ಇಲ್ಲವಾದರೆ ಈ ಪ್ರೊಸೆಸರನ್ನು ಅದು ಗುರುತಿಸದೆ ಇರಬಹುದು.

ಕ್ಯಾಬಿನೆಟ್ ವಿಷಯದಲ್ಲಿ ಬಣ್ಣದ ದೀಪಗಳಿಗಿಂತ ಹಿಂಬದಿಯನ್ನು ನೋಡಬೇಕು ಎಂದು ನನಗೆ ಮನವರಿಕೆಯಾಗಿದೆ. ಅಗ್ಗದ ಕ್ಯಾಬಿನೆಟ್ಟುಗಳಲ್ಲಿ ಕಾರ್ಡ್ ಹಾಕುವ ಜಾಗದ ತಗಡುಗಳನ್ನು ಮುರಿದು ತೆಗೆಯಬೇಕು, ಮತ್ತೆ ಮುಚ್ಚಲು ಬರುವುದಿಲ್ಲ. ಆ ಸಂದಿಯಲ್ಲಿ ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಹಲ್ಲಿ ಬರುತ್ತದೆ, ಇರುವೆ ಗೂಡು ಕಟ್ಟುತ್ತದೆ. ಬೋರ್ಡಿನ ಮೇಲೆ ಹಲ್ಲಿ ಓಡಾಡಿ ಶಾರ್ಟ್ ಆದ ಯಂತ್ರಗಳು ಅಂಗಡಿಗಳಿಗೆ ಪ್ರತಿ ವರ್ಷ ಬರುತ್ತವೆ. ಸ್ಕ್ರೂ ಹಾಕಿ ಮುಚ್ಚುವ ತಗಡುಗಳಿರುವ, ಮುಂಬದಿಯ ಜಾಲರಿಯ ಹಿಂದೆ ತೊಳೆಯಬಹುದಾದ ಧೂಳಿನ ಪರದೆಯಿರುವ ಕ್ಯಾಬಿನೆಟ್ಟನ್ನೇ ಎರಡೂ ಮನೆಗಳಿಗೆ ಕೊಂಡೆ. ಕಾರವಾರದಲ್ಲಿ ಇನ್ನೊಂದು ತೊಂದರೆ ಸೇರುತ್ತದೆ. ಸಮುದ್ರದ ಗಾಳಿಯ ಉಪ್ಪು ತೇವದ ಜೊತೆ ಸೇರಿ ಲೋಹವನ್ನು ತಿನ್ನುತ್ತದೆ. ಮಳೆಗಾಲ ಮುಗಿದು ತೆರೆದು ನೋಡಿದಾಗ ಶಿರಸಿಯ ಕ್ಯಾಬಿನೆಟ್ಟಿನ ಸ್ಕ್ರೂಗಳು ಹೊಸದರಂತಿದ್ದವು, ಕಾರವಾರದ್ದರಲ್ಲಿ ಹಿಂಬದಿಯ ಸ್ಕ್ರೂಗಳ ತಲೆಯ ಮೇಲೆ ಕಂದು ಪುಡಿ ಕಟ್ಟಿತ್ತು. ಒಳಗೆ ರ‍್ಯಾಮಿನ ಚಿನ್ನದ ಲೇಪದ ಹಲ್ಲುಗಳಲ್ಲಿ ಮಸುಕು ಕಾಣಲಿಲ್ಲ. ಯಂತ್ರವನ್ನು ಪಡುವಣದ ಕಿಟಕಿಯಿಂದ ದೂರ, ಒಳಕೋಣೆಯಲ್ಲಿಟ್ಟದ್ದು ಇದಕ್ಕೆ ನೆರವಾಗಿರಬೇಕು. ಬಳಕೆ ಇಲ್ಲದ ದಿನಗಳಲ್ಲೂ ಸ್ವಲ್ಪ ಹೊತ್ತು ಚಾಲೂ ಮಾಡಿಡುವಂತೆ ತಂಗಿಗೆ ಹೇಳಿದ್ದೇನೆ, ಏಕೆಂದರೆ ಯಂತ್ರದ ಸ್ವಂತ ಬಿಸಿಯೇ ಒಳಗಿನ ತೇವವನ್ನು ಆರಿಸುತ್ತದೆ.

ಮಾನಿಟರಿಗೆ 22 ಇಂಚಿನ ಐಪಿಎಸ್ ಪರದೆ, 1920 ಅಡ್ಡ 1080 ರೆಸಲ್ಯೂಶನ್ ಸಾಕು. ಕನ್ನಡದ ಒತ್ತಕ್ಷರಗಳು ಸಣ್ಣ ಗಾತ್ರದಲ್ಲೂ ಸ್ಪಷ್ಟವಾಗಿ ಕಾಣಬೇಕೆಂದರೆ ಇದಕ್ಕಿಂತ ಕೆಳಗಿಳಿಯಬಾರದು. ವಿಂಡೋಸ್ ಲೈಸೆನ್ಸಿನ ಹಣ ಹೊಂದದವರಿಗೆ ಲಿನಕ್ಸ್ ಮಿಂಟ್ ಉಚಿತ, ಅದರಲ್ಲಿ ಯೂನಿಕೋಡ್ ಕನ್ನಡ ಚೆನ್ನಾಗಿ ನಡೆಯುತ್ತದೆ. ಜಿಎಸ್‌ಟಿ ಲೆಕ್ಕದ ತಂತ್ರಾಂಶಗಳಿಗಾಗಿ ತಂಗಿಯ ಮನೆಯಲ್ಲಿ ವಿಂಡೋಸ್ ಹಾಕಿಸಬೇಕಾಯಿತು.

ಅಣ್ಣನ ಮಗ ಮುಂದಿನ ವರ್ಷ ಗ್ರಾಫಿಕ್ಸ್ ಕಾರ್ಡ್ ಹಾಕಬೇಕೆಂದಿದ್ದಾನೆ. ಅವನಿಗೆ ಹೇಳಿದ್ದನ್ನೇ ಇದೇ ಪ್ರೊಸೆಸರ್ ಕೊಂಡವರಿಗೂ ಹೇಳುತ್ತೇನೆ: ಅಗ್ಗವೆಂದು ರೇಡಿಯಾನ್ ಆರ್‌ಎಕ್ಸ್ 6400 ಅಥವಾ 6500 ಎಕ್ಸ್‌ಟಿ ಕೊಳ್ಳಬೇಡಿ. ಅವು ಪಿಸಿಐಇಯ ನಾಲ್ಕೇ ಲೇನುಗಳನ್ನು ಬಳಸುತ್ತವೆ. ನಾಲ್ಕನೇ ಪೀಳಿಗೆಯ ಬೋರ್ಡು ಮತ್ತು ಪ್ರೊಸೆಸರಿನಲ್ಲಿ ಅದು ನಡೆಯುತ್ತದೆ, ಮೂರನೇ ಪೀಳಿಗೆಯ ವೇಗಕ್ಕೆ ಸೀಮಿತವಾದ 5600ಜಿಯಲ್ಲಿ ದಾರಿ ಅರ್ಧಕ್ಕಿಳಿದು ಆಟಗಳು ಮುಗ್ಗರಿಸುತ್ತವೆ. ಎಂಟು ಲೇನುಗಳಿರುವ ಆರ್‌ಎಕ್ಸ್ 6600 ಅಥವಾ ಆರ್‌ಟಿಎಕ್ಸ್ 3050ಕ್ಕೆ ಹಣ ಕೂಡುವವರೆಗೆ ಒಳಗಿನ ವೇಗಾ ಗ್ರಾಫಿಕ್ಸ್‌ನಲ್ಲೇ ಮುಂದುವರಿಯುವುದು ಲೇಸು. 550 ವ್ಯಾಟಿನ ಎಸ್‌ಎಂಪಿಎಸ್ ಈ ಎರಡರಲ್ಲಿ ಯಾವುದನ್ನು ಹಾಕಿದರೂ ತಾಳುತ್ತದೆ. 360 ವ್ಯಾಟಿನ ಯುಪಿಎಸ್ ಮಾತ್ರ ಆಟದ ಪೂರ್ಣ ಹೊರೆ ಮತ್ತು ಮಾನಿಟರ್ ಎರಡೂ ಸೇರಿದಾಗ ತನ್ನ ಮಿತಿಯ ಹತ್ತಿರ ಬರುವುದರಿಂದ, ಅದರ ಬ್ಯಾಟರಿ ಸವೆದು ಬದಲಾಯಿಸುವ ಕಾಲಕ್ಕೆ ಕಾರ್ಡೂ ಬರುವುದಾದರೆ ಬ್ಯಾಟರಿ ಹಾಕಿಸುವ ಬದಲು 1000 ವಿಎ ಯುಪಿಎಸ್‌ಗೆ ಏರಿ, ಹಳೆಯದನ್ನು ಹೊಸ ಬ್ಯಾಟರಿಯೊಂದಿಗೆ ಮುಂದೆ ಮೋಡೆಮ್ಮಿಗೆ ಬಳಸಿಕೊಳ್ಳಬೇಕೆಂದು ನಿಶ್ಚಯಿಸಿದ್ದೇವೆ.